ಎಂಟನೇ ಪುಟ ಬರೆದವರು ಯಾರು

ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಹತ್ತು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಾನು ಮದುವೆ ಕಾಗದವೊಂದರ ಸೀಸದ ಅಚ್ಚುಮೊಳೆ ಬಿಚ್ಚಿ ಒಂದೊಂದು ಅಕ್ಷರವನ್ನೂ ಅದರದರ ಗೂಡಿಗೆ ಹಾಕುತ್ತಿದ್ದೆ. ಆಗ ಮೇಷ್ಟ್ರು ಒಂದು ದಿಂಬಿನ ಗವಸನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ನಮ್ಮ ಅಚ್ಚುಕೂಟದ ಮೆಟ್ಟಿಲು ಹತ್ತಿದರು. ಗವಸಿನಲ್ಲಿ ದಿಂಬಿರಲಿಲ್ಲ. ಇಪ್ಪತ್ತೆರಡು ವರ್ಷ ಕೂತು ಬರೆದ ಪುಸ್ತಕವಿತ್ತು.

ನಾನೂರು ವರ್ಷದ ಹಿಂದೆ, ಎಲಿಜಬೆತ್ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಡಿದ ಕೆಲವು ನಾಟಕಗಳನ್ನು ಲೋಕವೆಲ್ಲ ಇವತ್ತಿಗೂ ಕೊಂಡಾಡುತ್ತದಂತೆ. ಆ ನಾಟಕಗಳ ಮೇಲೆ ಯಾರ ಹೆಸರಿದೆಯೋ ಅವನು ಅವನ್ನು ಬರೆದೇ ಇಲ್ಲ ಅನ್ನುವುದು ಮೇಷ್ಟ್ರ ವಾದ. ಅವನ ಅಪ್ಪ ಕೈಗವಸು ಹೊಲಿಯುವವನು. ಮಗ ದೊಡ್ಡ ವಿದ್ಯೆ ಕಲಿತದ್ದಕ್ಕೆ ದಾಖಲೆ ಇಲ್ಲ. ಅವನ ಸಹಿ ಒಂದರ ಹಾಗೆ ಒಂದಿಲ್ಲ. ಉಯಿಲಿನಲ್ಲಿ ಹೆಂಡತಿಗೆ ಮಂಚ ಬಿಟ್ಟುಹೋದ, ಪುಸ್ತಕದ ಸುದ್ದಿಯೇ ಇಲ್ಲ. ಇಂಥವನಿಗೆ ರಾಜರು ಬಾಗಿಲು ಹಾಕಿಕೊಂಡು ಆಡುವ ಮಾತು ಹೇಗೆ ಗೊತ್ತಾಗಬೇಕು? ಯಾರೋ ಚೆನ್ನಾಗಿ ಓದಿದ ಪ್ರಭು ಬರೆದು, ಇವನ ಹೆಸರಿನ ಹಿಂದೆ ಅವಿತುಕೊಂಡಿದ್ದಾನೆ. ಮೇಷ್ಟ್ರು ಅವನ ಹೆಸರನ್ನು ಬಾಯಲ್ಲಿ ಕೂಡ ಎತ್ತುತ್ತಿರಲಿಲ್ಲ. ಗವಸಿನವನ ಮಗ ಅಂತಲೇ ಕರೆಯುತ್ತಿದ್ದರು.

ಊರಿನವರು ಅವರಿಗೆ ಅನುಮಾನದ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಕ್ಷೌರದಂಗಡಿಯವನು ಅವರ ತಲೆ ಕತ್ತರಿಸಿ ಮುಗಿಸಿದ ಮೇಲೆ, ಇದನ್ನು ನಾನೇ ಕತ್ತರಿಸಿದ್ದು ಅಂತ ಬರೆದುಕೊಡಲೇ ಅಂತ ಪ್ರತಿ ಸಲವೂ ಕೇಳುತ್ತಿದ್ದ. ಮೇಷ್ಟ್ರು ಪ್ರತಿ ಸಲವೂ ನಗುತ್ತಿದ್ದರು. ಆದರೆ ಹದಿನಾಲ್ಕು ವರ್ಷದ ಹಿಂದೆ ಗ್ರಂಥಾಲಯದ ಸಭಾಂಗಣದಲ್ಲಿ ಆದದ್ದನ್ನು ಯಾರಾದರೂ ಎತ್ತಿದರೆ ಮಾತ್ರ ಅವರ ಮುಖ ಇಳಿದುಹೋಗುತ್ತಿತ್ತು. ಅವತ್ತು ಅವರು ಇದೇ ವಿಷಯ ಮಾತಾಡಲು ನಿಂತಿದ್ದರು. ಜನ ನಕ್ಕು ನಕ್ಕು ಒಬ್ಬೊಬ್ಬರಾಗಿ ಎದ್ದುಹೋಗಿ, ಕೊನೆಗೆ ಎಲ್ಲರೂ ಹೋದರು ಅಂದುಕೊಂಡು ಕಾವಲಿನವನು ದೀಪ ಆರಿಸಿಬಿಟ್ಟಿದ್ದ. ಮೇಷ್ಟ್ರು ಇನ್ನೂ ಮಾತಾಡುತ್ತಲೇ ಇದ್ದರಂತೆ.

ಈಗ ಅದೇ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಗೆ ಗ್ರಂಥಾಲಯದವರು ಒಪ್ಪಿದ್ದರು. ಮಳೆಗಾಲ ಕಳೆದ ಮೇಲಿನ ಮೊದಲ ಭಾನುವಾರ. ದೂರದೂರದಿಂದ ಓದಿದವರು ಬರುವವರಿದ್ದರು. ಮೇಷ್ಟ್ರು ಗವಸಿನಿಂದ ಹಾಳೆ ತೆಗೆದು ನನ್ನ ಮುಂದಿಟ್ಟು ಹೇಳಿದ್ದು ಇಷ್ಟೇ: "ಮೊಳೆಯಣ್ಣ, ಒಂದು ಸಲ ಆ ಜಾಗದಲ್ಲಿ ಪೂರ್ತಿ ಮಾತಾಡಿ ಕೆಳಗಿಳಿಬೇಕು. ಅಷ್ಟೇ ನನ್ನ ಆಸೆ."

ಮೊಳೆಯಣ್ಣ ಅಂದರೆ ನಾನು. ಹದಿಮೂರನೇ ವಯಸ್ಸಿನಿಂದ ಮೊಳೆ ಜೋಡಿಸಿದವನು.

ಕೆಲಸ ಶುರುವಾಯಿತು. ಮೇಷ್ಟ್ರ ಬರವಣಿಗೆಯಲ್ಲಿ ಒಂಟಿ ವಸ್ತು ಅಂತ ಒಂದೂ ಇರಲಿಲ್ಲ. ಅನುಮಾನಗಳು, ಸಾಕ್ಷ್ಯಗಳು, ಪ್ರಭುಗಳು, ವಿದ್ವಾಂಸರುಗಳು. ಉಯಿಲಿನಲ್ಲಿ ಇದ್ದದ್ದು ಒಂದೇ ಮಂಚ ಅಂತ ಅವರ ಬಾಯಿಂದಲೇ ಕೇಳಿದ್ದೆ, ಹಾಳೆಯಲ್ಲಿ ಅದೂ ಮಂಚಗಳಾಗಿತ್ತು.

ಗಳು ಬರಬೇಕಾದರೆ ಳ ಬೇಕು. ನಮ್ಮಲ್ಲಿ ಆ ಗಾತ್ರದ ಅಕ್ಷರದಲ್ಲಿ ಳ ಕಡಿಮೆ. ಅಚ್ಚು ಒತ್ತಿ ಒತ್ತಿ ಎಷ್ಟೋ ಮೊಳೆ ಬಾಲ ಮುರಿದುಕೊಂಡಿದ್ದವು. ಳಿ, ಳೆ ಬೇರೆ ಗೂಡಿನವು, ಅವಕ್ಕೆ ಕೊರತೆ ಇರಲಿಲ್ಲ. ಬರೀ ಳ, ಕೊಂಬು ಹಚ್ಚಿದರೆ ಳು ಆಗುವ ಳ, ಅದಕ್ಕೇ ತತ್ವಾರ. ಒಂದು ಸಲಕ್ಕೆ ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ಗೂಡಿಗೆ ತುಂಬಿ, ಆಮೇಲೆ ಮುಂದಿನ ಎಂಟಕ್ಕೆ ಕೈ ಹಾಕುವುದು ನಮ್ಮ ಪದ್ಧತಿ. ಏಳು ಪುಟದವರೆಗೆ ಳ ಹೇಗೋ ಎಳೆದಾಡಿಕೊಂಡು ಬರುತ್ತಿತ್ತು. ಎಂಟನೆಯದಕ್ಕೆ ಬರುವಷ್ಟರಲ್ಲಿ ಗೂಡಿನ ತಳ ಕಾಣಿಸುತ್ತಿತ್ತು.

ಹೊಸ ಮೊಳೆ ತರಿಸಿ ಅಂತ ಅಚ್ಚುಕೂಟದ ಯಜಮಾನರಿಗೆ ಹೇಳಿದೆ. ಬರುತ್ತೆ ಬರುತ್ತೆ ಅಂದರು. ಆ ಬರುತ್ತೆಯನ್ನು ನಾನು ಎರಡು ವರ್ಷದಿಂದ ಕೇಳುತ್ತಿದ್ದೆ.

ನನಗೆ ಕೆಲಸ ಕಲಿಸಿದ ಮುದುಕರು ಒಂದು ಮಾತು ಹೇಳಿಕೊಟ್ಟಿದ್ದರು. ಮೊಳೆ ಇಲ್ಲ ಅಂತ ಪುಟ ನಿಲ್ಲಿಸಿ ಕೂರಬೇಡ, ಮಾತನ್ನು ಸ್ವಲ್ಪ ತಿರುಗಿಸು, ಅರ್ಥ ಕೆಡದಿದ್ದರೆ ಸಾಕು. ನಾನು ಹಾಗೇ ಮಾಡಿದೆ. ಎಂಟನೇ ಪುಟ ಬಂದಾಗ ಸಾಕ್ಷ್ಯಗಳು ಇವೆ ಅನ್ನುವಲ್ಲಿ ಸಾಕ್ಷಿ ಇದೆ ಅಂತ ಜೋಡಿಸಿದೆ. ಬಹಳ ಅನ್ನುವಲ್ಲಿ ತುಂಬಾ. ಅವಳು ಅನ್ನುವಲ್ಲಿ ಆಕೆ. ಹನ್ನೆರಡು ನಾಟಕಗಳು ಅಂತ ಇದ್ದದ್ದು ಹನ್ನೆರಡು ನಾಟಕ ಆಯಿತು. ನಾವು ಮಾತಾಡುವುದೂ ಹಾಗೇ ತಾನೆ? ಅಂಗಡಿಯಲ್ಲಿ ಆರು ಗುಂಡಿ ಕೊಡಿ ಅನ್ನುತ್ತೇವೆ, ಆರು ಗುಂಡಿಗಳನ್ನು ಕೊಡಿ ಅಂದರೆ ಅಂಗಡಿಯವನು ಮುಖ ನೋಡುತ್ತಾನೆ.

ಇಷ್ಟೇ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಾಲ್ಕನೇ ಕಂತಿನಲ್ಲಿ, ಅಂದರೆ ಮೂವತ್ತೆರಡನೇ ಪುಟದಲ್ಲಿ, ಇನ್ನೊಂದು ಆಯಿತು. ಅಧ್ಯಾಯ ಮುಗಿದು ಎರಡೇ ಸಾಲು ಪುಟದ ತಲೆಯ ಮೇಲೆ ದಿಕ್ಕಿಲ್ಲದ ಹಾಗೆ ನಿಂತವು. ಹಾಗೆ ಬಿಡುವುದು ನಮ್ಮ ಕಸುಬಿನಲ್ಲಿ ಅವಮಾನ, ನಾಲ್ಕೈದು ಸಾಲಾದರೂ ಬೇಕು. ಬರೆದುಕೊಡಿ ಅಂತ ಕೇಳೋಣವೆಂದರೆ ಮೇಷ್ಟ್ರು ಜ್ವರ ಬಂದು ಮಲಗಿದ್ದರು. ಯಂತ್ರದವನು ಕೈಕಟ್ಟಿಕೊಂಡು ನಿಂತಿದ್ದ. ನಾನೇ ಮೂರು ಸಾಲು ಸೇರಿಸಿದೆ. ಅದರಲ್ಲಿ ಕೊನೆಯ ಮಾತು ಹೀಗಿತ್ತು: ‘ರಾಜನ ಕೈ ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಮಂತ್ರಿಗೆ ಗೊತ್ತಿರುವುದಿಲ್ಲ. ಗವಸು ಹೊಲಿದವನಿಗೆ ಗೊತ್ತಿರುತ್ತದೆ.’

ಅಚ್ಚಿಗೆ ಮೊದಲು ಹೇಳಿಯೇ ಬಿಡೋಣ ಅಂತ ಕರಡು ಹಿಡಿದುಕೊಂಡು ಅವರ ಮನೆಗೆ ಹೋದೆ. ಮೇಷ್ಟ್ರು ಕಂಬಳಿ ಹೊದ್ದು ಕೂತು ಓದುತ್ತ ಬಂದರು. ಅವರು ಕರಡಿನಲ್ಲಿ ಕಾಗುಣಿತ ನೋಡುತ್ತಿದ್ದರೇ ಹೊರತು ತಮ್ಮ ಹಾಳೆಯ ಜೊತೆ ಹೋಲಿಸುತ್ತಿರಲಿಲ್ಲ, ಎಲ್ಲ ತಲೆಯಲ್ಲಿದೆ ಅನ್ನುವ ಧೈರ್ಯ. ಆ ಸಾಲಿಗೆ ಬಂದು ನಿಂತರು. ಎರಡು ಸಲ ಓದಿದರು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಮೂರನೇ ಸಲ ಗಟ್ಟಿಯಾಗಿ ಓದಿದರು. ನೋಡು, ಎಂಥಾ ವ್ಯಂಗ್ಯ, ಯಾವ ಗಳಿಗೆಯಲ್ಲಿ ಬರೆದೆನೋ ನನಗೇ ನೆನಪಿಲ್ಲ ಅಂದರು. ಜ್ವರದ ಮುಖ ಅರಳಿತ್ತು. ಆ ಮಾತು ಅವರ ವಾದಕ್ಕೇ ಎದುರು ಅನ್ನುವುದು ಅವರಿಗೆ ಹೊಳೆಯಲಿಲ್ಲ. ಹೇಳಲು ಬಂದದ್ದನ್ನು ಹೇಳದೆ ಕರಡು ಎತ್ತಿಕೊಂಡು ವಾಪಸು ಬಂದೆ.

ಆಮೇಲೆ ಕಂತಿನ ಎಂಟನೇ ಪುಟ ಕಮ್ಮಿ ಬಿದ್ದಲ್ಲೆಲ್ಲ ಎರಡು ಸಾಲು, ಮೂರು ಸಾಲು ಸೇರಿಸಿದೆ. ತಪ್ಪೇ. ಆದರೆ ಮೇಷ್ಟ್ರು ಅಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ ‘ಚೆನ್ನಾಗಿದೆ’ ಅಂತ ಬರೆದು ಕಳಿಸುತ್ತಿದ್ದರು. ತಮಗೆ ತಾವೇ.

ಪುಸ್ತಕ ಅಚ್ಚಾಯಿತು. ಹದಿಮೂರು ಕಂತು, ನೂರ ನಾಲ್ಕು ಪುಟ. ಹೆಸರಿನ ಪುಟ, ಮುನ್ನುಡಿ ಮಾತ್ರ ಬಾಕಿ. ಅವು ಪುಸ್ತಕದ ಮೊದಲಲ್ಲಿ ಕೂತರೂ ಅಚ್ಚಾಗುವುದು ಕೊನೆಗೆ. ಬಿಡುಗಡೆಗೆ ಹನ್ನೆರಡು ದಿನ ಇತ್ತು.

ಮೇಷ್ಟ್ರಿಗೆ ಒಂದು ಲೆಕ್ಕದ ವಿದ್ಯೆ ಇತ್ತು. ಪ್ರತಿಯೊಬ್ಬ ಬರೆಯುವವನಿಗೂ ಅವನಿಗೇ ಗೊತ್ತಿಲ್ಲದ ಚಿಕ್ಕಪುಟ್ಟ ಚಾಳಿ ಇರುತ್ತದೆ, ಚಿಕ್ಕ ಚಿಕ್ಕ ಪದ ಎಷ್ಟು ಸಲ ಬಂತು ಅಂತ ಎಣಿಸಿದರೆ ಬರೆದ ಕೈ ಸಿಕ್ಕಿಬೀಳುತ್ತದೆ ಅಂತ. ಆ ನಾಟಕಗಳಲ್ಲಿ ಎರಡು ಕೈ ಇವೆ ಅಂತ ಅವರು ಹೀಗೇ ಎಣಿಸಿ ಹಿಡಿದದ್ದು. ಈಗ ಮುನ್ನುಡಿಯಲ್ಲಿ, ಅನುಮಾನ ಇದ್ದವರು ಈ ಪುಸ್ತಕವನ್ನೇ ಎಣಿಸಿ ನೋಡಲಿ, ಮೊದಲಿನಿಂದ ಕೊನೆಯವರೆಗೆ ಒಂದೇ ಕೈ ಅಂತ ಬರೆಯಬೇಕೆಂದುಕೊಂಡರು. ಬರೆಯುವ ಮೊದಲು ಅಂಕಿ ಇರಲಿ ಅಂತ ತಾವೇ ಎಣಿಸಲು ಕೂತರು.

ಎರಡನೇ ದಿನ ಮಧ್ಯಾಹ್ನ ಅಚ್ಚುಕೂಟಕ್ಕೆ ಬಂದರು. ಮುಖ ಸುಣ್ಣದ ಗೋಡೆ ಆಗಿತ್ತು. ಒಂದನೇ ಪುಟದಲ್ಲಿ ಗಳು ಇಪ್ಪತ್ತಾರು, ಎರಡರಲ್ಲಿ ಮೂವತ್ತೊಂದು, ಏಳರಲ್ಲಿ ಇಪ್ಪತ್ತೆಂಟು, ಎಂಟರಲ್ಲಿ ಒಂದೂ ಇಲ್ಲ. ಹದಿನಾರರಲ್ಲಿ ಇಲ್ಲ. ಇಪ್ಪತ್ತನಾಲ್ಕರಲ್ಲಿ ಇಲ್ಲ. ನೂರ ನಾಲ್ಕರವರೆಗೂ ಇಲ್ಲ. ಪುಸ್ತಕದಲ್ಲಿ ಇನ್ನೊಬ್ಬನಿದ್ದಾನೆ ಅಂದರು. ನನ್ನ ಲೆಕ್ಕ ಸುಳ್ಳಾದರೆ ಪುಸ್ತಕ ಬಿತ್ತು, ಲೆಕ್ಕ ನಿಜವಾದರೆ ನಾನು ಬಿದ್ದೆ ಅಂದರು. ಸಭಾಂಗಣದಲ್ಲಿ ಒಬ್ಬ ಎಣಿಸಿದರೂ ಸಾಕು, ಮತ್ತೆ ಅದೇ ನಗು, ಮತ್ತೆ ಅದೇ ಕತ್ತಲೆ.

ಹೇಳಿಬಿಡೋಣ ಅನ್ನುವಷ್ಟರಲ್ಲಿ ಅವರೇ ಶುರು ಮಾಡಿದರು. ಎಂಟನೇ ಪುಟದವನು ಯಾರು ಅಂತ ಅವರು ಅರ್ಧ ಕಂಡುಹಿಡಿದಿದ್ದರು. ಭಾಷೆ ಸರಳ, ಗರ್ವ ಇಲ್ಲ, ಅಂದರೆ ಬೇಕಾದಷ್ಟು ಓದಿ ಅರಗಿಸಿಕೊಂಡವನು. ರಾಜನ ಕೈಯ ಅಳತೆ ಗೊತ್ತು, ಅಂದರೆ ದೊಡ್ಡವರ ಮನೆಯಲ್ಲಿ ಓಡಾಡಿದವನು. ದೇಶ ಸುತ್ತಿರಬೇಕು, ಎರಡು ಮೂರು ಭಾಷೆ ಬರಬೇಕು, ಕಾನೂನು ಕೂಡ ಗೊತ್ತಿರಬೇಕು. ಕೈಯಲ್ಲಿ ಮೊಳೆ ಹಿಡಿದುಕೊಂಡು ನಾನು ಕೇಳುತ್ತ ನಿಂತೆ. ಅವರು ಹೇಳುತ್ತಿದ್ದ ಮನುಷ್ಯ ಎಷ್ಟು ದೊಡ್ಡವನಾಗಿದ್ದ ಅಂದರೆ ನನಗೇ ಅವನನ್ನು ಒಮ್ಮೆ ನೋಡಬೇಕು ಅನ್ನಿಸಿತು.

ಅಂಥವರು ಅವರ ಬೀದಿಯಲ್ಲಿ ಒಬ್ಬರೇ ಇದ್ದರು, ನಿವೃತ್ತ ಜಡ್ಜಿ ಸಾಹೇಬರು. ಮೂರು ದೇಶ ನೋಡಿದವರು, ಗೋಡೆ ತುಂಬ ಪುಸ್ತಕ. ಹೋದ ವರ್ಷ ಮೇಷ್ಟ್ರ ಹಾಳೆಗಳನ್ನು ಓದುತ್ತೇನೆ ಅಂತ ಕೊಂಡುಹೋಗಿ ಎರಡು ವಾರ ಇಟ್ಟುಕೊಂಡಿದ್ದರು. ಮೇಷ್ಟ್ರು ಇಲ್ಲಿಂದ ನೇರ ಅವರ ಮನೆಗೆ ನಡೆದರು.

ಜಡ್ಜಿ ಸಾಹೇಬರು ಆ ಗವಸಿನ ಮಾತನ್ನು ಓದಿಸಿ ಕೇಳಿದರಂತೆ. ಕಣ್ಣು ಮುಚ್ಚಿ, ಇನ್ನೊಮ್ಮೆ ಅಂದರಂತೆ. ಆಮೇಲೆ, ನಾನು ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ, ಓದುವಾಗ ಅಲ್ಲಲ್ಲಿ ಕೈಯಾಡಿಸಿರಬಹುದು ಅಂದರಂತೆ. ಅವರ ಕೈಯಿಂದ ಆ ಹಾಳೆಗಳ ಮೇಲೆ ಬಿದ್ದದ್ದು ಒಂದು ಟೀ ಕಲೆ ಮಾತ್ರ, ಅದನ್ನು ನಾನು ಜೋಡಿಸುವಾಗಲೇ ನೋಡಿದ್ದೆ.

ಮರುದಿನ ಮೇಷ್ಟ್ರು ಹೆಸರಿನ ಪುಟ ಬರೆದು ತಂದರು. ತಮ್ಮ ಹೆಸರು. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಜಡ್ಜಿ ಸಾಹೇಬರ ಹೆಸರು. ಇಪ್ಪತ್ತೆರಡು ವರ್ಷ ಒಬ್ಬನೇ ಹೊತ್ತದ್ದಕ್ಕೆ ಹೀಗೆ ಪಾಲುದಾರ ಸಿಕ್ಕಿದನಲ್ಲ ಅಂತ ನಗಲು ನೋಡಿದರು, ನಗು ಬರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದರು, ಮೇಷ್ಟ್ರು ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು.

ನಾನು ಆ ಪುಟ ಜೋಡಿಸಲು ಮೊಳೆ ಕೂರಿಸುವ ಕಡ್ಡಿ ಕೈಗೆತ್ತಿಕೊಂಡೆ. ಜಡ್ಜಿ ಸಾಹೇಬರ ಹೆಸರಿನ ಮೊದಲ ಅಕ್ಷರ ಬೆರಳಿನ ನಡುವೆ ಬಂತು. ಅದನ್ನು ವಾಪಸು ಗೂಡಿಗೆ ಹಾಕಿದೆ.

"ಮೇಷ್ಟ್ರೇ, ಳ ಖಾಲಿಯಾಗಿತ್ತು" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಗೂಡಿನ ಹತ್ತಿರ ಕರೆದು ಅವರ ಕೈ ಹಿಡಿದು ಒಳಗೆ ಬಿಟ್ಟೆ. ಇದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ, ಏಳು ಪುಟಕ್ಕೆ ಮುಗಿಯುತ್ತದೆ, ಎಂಟಕ್ಕೆ ಇರುವುದಿಲ್ಲ, ಅದಕ್ಕೇ ನಿಮ್ಮ ಗಳು ತೆಗೆದೆ ಅಂತ ಹೇಳಿದೆ. ಮೇಷ್ಟ್ರು ಬೆರಳಿನಿಂದ ಮೊಳೆ ಕೆದಕಿದರು. ಎಣಿಸುತ್ತಿದ್ದರು ಅಂತ ಕಾಣುತ್ತದೆ.

"ಆ ಗವಸಿನ ಮಾತು?"

"ಪುಟ ಮೂರು ಸಾಲು ಕಮ್ಮಿ ಬಿದ್ದಿತ್ತು."

"ಎಷ್ಟನೇ ಕ್ಲಾಸು ಓದಿದ್ದೀರಿ?"

"ನಾಲ್ಕು. ನಾಲ್ಕರಲ್ಲೂ ಅರ್ಧ."

"ನಿಮ್ಮ ತಂದೆ ಏನು ಮಾಡ್ತಿದ್ದರು?"

ಹೇಳಬಾರದಿತ್ತೇನೋ. "ಹೊಲಿಗೆ ಕೆಲಸ ಮೇಷ್ಟ್ರೇ" ಅಂದೆ.

ಮೇಷ್ಟ್ರು ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟರು. ನಮ್ಮಪ್ಪ ದರ್ಜಿ. ಅಳತೆ ತೆಗೆಯಲು ದೊಡ್ಡವರ ಮನೆಗೆ ಹೋಗುವಾಗ ಟೇಪು ಹಿಡಿಯಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಊರೇ ಎದ್ದು ನಿಲ್ಲುತ್ತಿದ್ದ ಒಬ್ಬ ಯಜಮಾನರ ಎಡಗೈ ಬಲಗೈಗಿಂತ ಒಂದು ಬೆರಳು ಗಿಡ್ಡ ಇತ್ತು. ಅದು ಅವರ ಹೆಂಡತಿಗೂ ಗೊತ್ತಿತ್ತೋ ಇಲ್ಲವೋ, ನಮ್ಮಪ್ಪನಿಗೆ ಗೊತ್ತಿತ್ತು. ತೋಳು ಸರಿಮಾಡಿ ಹೊಲಿದು ಸುಮ್ಮನಿದ್ದರು. ಆ ಮಾತು ಬಂದದ್ದು ಅಲ್ಲಿಂದ. ಇದನ್ನೂ ಹೇಳಿದೆ.

ಮೇಷ್ಟ್ರು ತಲೆ ಎತ್ತಲಿಲ್ಲ. ಹಾಗಾದರೆ ಅಲ್ಲೂ, ಆ ನಾಟಕಗಳನ್ನು ಅಚ್ಚು ಹಾಕಿದಲ್ಲೂ, ಯಾವುದೋ ಗೂಡು ಖಾಲಿಯಾಗಿತ್ತೋ ಏನೋ, ನಾನು ಹಿಡಿದ ಎರಡನೇ ಕೈ ಪ್ರಭುವಿನದಲ್ಲ, ಮೊಳೆಯವನದಿರಬಹುದು ಅಂದರು. ನನ್ನನ್ನು ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಪುಸ್ತಕ ಸುಟ್ಟುಬಿಡುತ್ತೇನೆ ಅಂದರು.

ಅವರ ಹೆಂಡತಿ ಅಷ್ಟು ಹೊತ್ತೂ ಕನ್ನಡಕ ಹಿಡಿದು ನಿಂತಿದ್ದವರು ಬಂದು ಅದನ್ನು ಅವರ ಮೂಗಿಗೆ ಏರಿಸಿದರು.

"ನಿಶ್ಚಯ ಆದ ಮೇಲೆ ನನಗೆ ಆರು ಕಾಗದ ಬರೆದಿದ್ದಿರಲ್ಲ, ಅದನ್ನ ನಿಮ್ಮಕ್ಕ ಬರೆದಿದ್ದು ಅಂತ ನನಗೆ ಮದುವೆ ಆದ ವಾರಕ್ಕೇ ಗೊತ್ತಾಯ್ತು. ನಿಮ್ಮ ಮಾತು ಕೇಳಿದ ಮೇಲೆ ಗೊತ್ತಾಗದೆ ಇರುತ್ತಾ? ಮೂವತ್ತೆಂಟು ವರ್ಷ ಆಯ್ತು, ನಾನೇನಾದರೂ ಎಣಿಸೋಕೆ ಕೂತೆನಾ?"

ಯಂತ್ರದವನು ಬೆನ್ನು ತಿರುಗಿಸಿಕೊಂಡು ನಗುತ್ತಿದ್ದ.

"ಏಳನೇ ಕಾಗದ ಒಂದು ಬಾಕಿ ಇದೆ" ಅಂತ ಆಕೆ ನನ್ನ ಕಡೆ ತಿರುಗಿದರು. "ಅಣ್ಣಾ, ಇವರಿಗೆ ನಾಲ್ಕು ಹಾಳೆ ಕೊಡಿ. ಬರೀಲಿ. ಆಮೇಲೆ ಸುಡೋದಾದರೆ ಒಲೆ ನಾನೇ ಹಚ್ತೀನಿ."

ಹಾಳೆ ಕೊಟ್ಟೆ. ಮೇಷ್ಟ್ರು ಪೆನ್ಸಿಲು ಕಚ್ಚಿಕೊಂಡು ಕೂತರು. ಮುನ್ನುಡಿಗೆ ಬೇಕಾದಷ್ಟು ಳ ಇದೆ, ಹೆದರಬೇಡಿ ಅಂದೆ. ಬೇಡ, ಅದಿಲ್ಲದೆ ಬರೆಯುತ್ತೇನೆ, ನಿಮಗೆ ಆದದ್ದು ನನಗೆ ಆಗುತ್ತದೋ ನೋಡುತ್ತೇನೆ ಅಂದರು. ಕಾಗದದ ಕಟ್ಟಿನ ಮೇಲೆ ಕೂತು ಬರೆದರು. ಗಳು ಅಂತ ಕೈ ತಾನಾಗಿ ಬರೆಯುತ್ತಿತ್ತು, ಬೈದುಕೊಂಡು ಹೊಡೆದುಹಾಕುತ್ತಿದ್ದರು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು, ಅಲ್ಲೊಂದು ಉಳೀತು ನೋಡಿ ಅಂತ ಬೆರಳು ತೋರಿಸುತ್ತಿದ್ದರು. ಸಂಜೆ ಐದಕ್ಕೆ ಯಂತ್ರ ನಿಲ್ಲುವ ಹೊತ್ತಿಗೆ ಒಂದು ಪುಟ ಆಗಿತ್ತು. ನನಗೆ ಈಗಲೂ ಬಾಯಿಗೆ ಬರುತ್ತದೆ:

‘ಇಪ್ಪತ್ತೆರಡು ವರ್ಷ ನಾನು ಒಬ್ಬ ಮನುಷ್ಯನ ಮನೆಯ ಮುಂದೆ ನಿಂತು, ಈ ಮನೆ ನಿನ್ನದಲ್ಲ ಅಂತ ಕೂಗಿದೆ. ಕೊನೆಗೆ ಬಾಗಿಲು ತೆಗೆದು ಬಂದವರು ನನ್ನ ಪುಸ್ತಕದ ಮೊಳೆ ಜೋಡಿಸುವವರು. ಅವರ ಕೈಗೆ ಮಸಿ ಅಂಟಿತ್ತು. ನನ್ನ ಕೈ ನೋಡಿಕೊಂಡೆ. ಚೊಕ್ಕಟವಾಗಿತ್ತು, ನಾಚಿಕೆಯಾಯಿತು. ಈ ಪುಸ್ತಕದಲ್ಲಿ ನನ್ನ ಮಾತು ಯಾವುದು, ಅವರದು ಯಾವುದು ಅಂತ ಎಂಟರ ಮಗ್ಗಿ ಬರುವವರಿಗೆ ಗೊತ್ತಾಗುತ್ತದೆ. ನಾನು ಸೋತ ವಾದ ಇದು. ಸೋತದ್ದು ಹೇಗೆ ಅಂತ ಓದಿ.’

ಕೆಳಗೆ ನನ್ನ ಹೆಸರು ಹಾಕಬೇಕು ಅಂದರು. ಬೇಡ ಅಂದೆ. ಮೊಳೆ ನನ್ನ ಕೈಲಿದ್ದದ್ದರಿಂದ ನಾನು ಹೇಳಿದ್ದೇ ನಡೆಯಿತು. ಹೆಸರಿನ ಪುಟದಲ್ಲಿ ಅವರೊಬ್ಬರ ಹೆಸರು ನಿಂತಿತು. ಮುನ್ನುಡಿಯಲ್ಲಿ ನಾನು ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ. ಪುಟ ಎರಡು ಸಾಲು ಕಮ್ಮಿ ಬಿದ್ದಿತ್ತು, ಹಾಗೇ ಬಿಟ್ಟೆ.

ಭಾನುವಾರ ಸಭಾಂಗಣ ತುಂಬಿತ್ತು, ಅರ್ಧ ಜನ ನಗಲೆಂದೇ ಬಂದವರು. ಜಡ್ಜಿ ಸಾಹೇಬರು ಮುಂದಿನ ಸಾಲಿನಲ್ಲಿ ಪುಸ್ತಕ ತಿರುವಿ ತಿರುವಿ ತಮ್ಮ ಹೆಸರು ಹುಡುಕುತ್ತಿದ್ದರು. ಮೇಷ್ಟ್ರು ಭಾಷಣ ಬರೆದುಕೊಂಡು ಬಂದಿರಲಿಲ್ಲ. ಮುನ್ನುಡಿ ಓದಿದರು. ಆಮೇಲೆ ಳ ಗೂಡಿನ ಕಥೆ ಹೇಳಿದರು, ಜಡ್ಜಿ ಸಾಹೇಬರ ಟೀ ಕಲೆಯನ್ನು ಮಾತ್ರ ಬಿಟ್ಟರು. ಜನ ನಕ್ಕರು. ಮೇಷ್ಟ್ರೂ ಜೊತೆಗೆ ನಕ್ಕದ್ದರಿಂದ ಯಾರೂ ಎದ್ದುಹೋಗಲಿಲ್ಲ. ಮುಕ್ಕಾಲು ಗಂಟೆ ಮಾತಾಡಿ, ಇಷ್ಟೇ ಅಂತ ಹೇಳಿ, ದೀಪದ ಕಡೆ ಒಮ್ಮೆ ನೋಡಿ ಕೆಳಗಿಳಿದರು. ದೀಪ ಉರಿಯುತ್ತಿತ್ತು.

ಟೀ ಕೊಡುವಾಗ ಶುರುವಾಯಿತು. ಬಂದವರೆಲ್ಲ ನನ್ನ ಕೈ ಕುಲುಕಿದರು. ಮುನ್ನುಡಿ ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂದರು. ನಾನಲ್ಲ, ಮೇಷ್ಟ್ರೇ ಬರೆದದ್ದು, ನನ್ನ ಕಣ್ಣೆದುರು ಕೂತು ಬರೆದದ್ದು ಅಂದೆ. ಎಂಥಾ ವಿನಯ ನೋಡಿ ಅಂದರು. ಜಡ್ಜಿ ಸಾಹೇಬರು ಕನ್ನಡಕ ಏರಿಸಿ ಅಲ್ಲೇ ಎಣಿಸಿಬಿಟ್ಟಿದ್ದರು.

"ಒಂದೇ ಒಂದು ಗಳು ಇಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮೇಷ್ಟ್ರ ಲೆಕ್ಕದ ಪ್ರಕಾರವೇ ಇದು ಮೊಳೆಯಣ್ಣನ ಕೈ. ಅಲ್ಲದೆ, ಇಷ್ಟು ಸರಳವಾಗಿ ಬರೆಯೋಕೆ ಮೇಷ್ಟ್ರಿಗೆ ಎಲ್ಲಿ ಬರಬೇಕು?"

ಮೇಷ್ಟ್ರು ಪಕ್ಕದಲ್ಲೇ ಟೀ ಲೋಟ ಹಿಡಿದು ನಿಂತಿದ್ದರು. ನನಗೆ ಅಳು ಬರುವ ಹಾಗಾಗಿ ಇನ್ನೊಮ್ಮೆ ಹೇಳಲು ಹೋದೆ. ಅವರು ನನ್ನ ತೋಳು ಮುಟ್ಟಿದರು.

"ಬಿಡಿ ಮೊಳೆಯಣ್ಣ" ಅಂದರು. "ಪಾಪ, ಗವಸಿನವನ ಮಗನಿಗೂ ಹೀಗೇ ಆಗಿರಬೇಕು."

ಆಮೇಲೆ ಮೂವತ್ತೊಂದು ವರ್ಷ ಕಳೆದಿದೆ. ಆ ಮುನ್ನುಡಿ ಮೇಷ್ಟ್ರದ್ದು ಅಂತ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ನಂಬಿದವರು ಇಬ್ಬರೇ, ಒಬ್ಬರು ಅವರ ಹೆಂಡತಿ, ಇನ್ನೊಬ್ಬ ಕ್ಷೌರದಂಗಡಿಯವನು. ಅದಕ್ಕೇ ಈಗ ಬರೆದಿಟ್ಟಿದ್ದೇನೆ.

ಮೇಷ್ಟ್ರು ಹೋದದ್ದು ಅದಾಗಿ ಒಂಬತ್ತು ವರ್ಷಕ್ಕೆ. ಸುದ್ದಿಯ ಕಾರ್ಡು ಜೋಡಿಸಿದವನು ನಾನೇ. ಅಷ್ಟರಲ್ಲಿ ಹೊಸ ಮೊಳೆ ಬಂದು ಗೂಡು ತುಂಬಿತ್ತು. ಇಡೀ ಕಾರ್ಡಿಗೆ ಬೇಕಾದದ್ದು ಒಂದೇ ಳ. ಬಾಲ ನೆಟ್ಟಗಿರುವುದನ್ನು ಆರಿಸಿ ಇಟ್ಟೆ. ಅವರು ಹೊರಟದ್ದು ಮಂಗಳವಾರ.